ಮುಖ ಸವೆದ ಮರಿಯಮ್ಮ

ವೇದವತಿಯದು ಮಂಡ್ಯದ ಕಡೆ, ಊರಮ್ಮನ ಮರದ ಮುಖಕ್ಕೆ ವರ್ಷಕ್ಕೊಮ್ಮೆ ಬಣ್ಣ ಬಳಿಯುವ ಮನೆತನ. ಬಣ್ಣ ಕಿತ್ತುಹೋದ ದೇವರನ್ನು ಜನರೆದುರು ನಿಲ್ಲಿಸಿದರೆ ಊರಿಗೇ ಕೇಡು ಎಂಬ ಮಾತು ಕೇಳುತ್ತ ಬೆಳೆದವಳು. ಗಂಡನ ಸಂಬಂಧ ಹರಿದುಕೊಂಡ ಮೇಲೆ ಅಮೆರಿಕದ ಸನ್ನಿವೇಲ್‌ನ ಡಾಟ್‌ಕಾಮ್ ಕಂಪನಿಯೊಂದರಲ್ಲಿ ಕಂಪ್ಯೂಟರಿನ ಮೇಲೆ ಚಿತ್ರ ತಿದ್ದುವ ಕೆಲಸ ಹಿಡಿದಿದ್ದಳು. ವೀಸಾ ಆ ಕೆಲಸಕ್ಕೇ ಗಂಟುಬಿದ್ದಿತ್ತು. ಅದು ಹೋದರೆ ದೇಶ ಬಿಡಬೇಕು, ಅಷ್ಟೆ.

ವಾಲ್ನಟ್ ಕ್ರೀಕ್‌ನ ಖಾಸಗಿ ಗ್ರಂಥಾಲಯವೊಂದು ಇಂಟರ್ನೆಟ್ಟಿಗೆ ಏರಿಸಲು ಐನೂರು ವರ್ಷ ಹಳೆಯ ಇಟಲಿಯ ಕ್ರೈಸ್ತ ಪ್ರಾರ್ಥನಾ ಪುಸ್ತಕ ಕಳಿಸಿತು. ಕರುವಿನ ಚರ್ಮದ ಹಾಳೆ, ಕೈಬರಹ, ಚಿನ್ನದ ರೇಕು. ಒಂದು ಪುಟದಲ್ಲಿ ಮಗು ಎತ್ತಿಕೊಂಡ ಮರಿಯಮ್ಮ. ಮುಖವಿರಬೇಕಾದಲ್ಲಿ ಬರೀ ಬಿಳಿ ಕಲೆ. ವೇದವತಿ ಪುಟವನ್ನು ಸ್ಕ್ಯಾನ್ ಮಾಡಿ, ಇನ್ನೊಂದು ಪುಟದ ಮರಿಯಮ್ಮನಿಂದ ಕಣ್ಣು ಮೂಗು ತಂದು ಕೂರಿಸಿ, ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿದಳು. ಪುಸ್ತಕ ವಾಪಸ್ಸು ಹೋಯಿತು.

ವಾರದೊಳಗೆ ಗ್ರಂಥಾಲಯದಿಂದ ಫೋನು. ಕಂಪನಿ ನಡೆಸುತ್ತಿದ್ದ ರಘೋತ್ತಮ ಓಡಿ ಬಂದ.

“ವೇದಕ್ಕ, ಆ ಮುಖ ಎಲ್ಲಿಂದ ಬಂತು?”

“ಅಳಿಸೋಗಿತ್ತು ಕಣಪ್ಪ. ಮುಖ ಇಲ್ದಿರೋ ತಾಯಿನ ಲೋಕಕ್ಕೆಲ್ಲ ಹೆಂಗ್ ತೋರ್ಸೋದು?”

“ಅಳಿಸಿದ್ದು ಭಕ್ತರಂತೆ! ದಿನಾ ಮುತ್ತಿಟ್ಟು ಮುತ್ತಿಟ್ಟು ಸವೆಸಿದಾರೆ. ಅವ್ರಿಗೆ ಆ ಕಲೆನೇ ಬೇಕು. ಕಾಂಟ್ರ್ಯಾಕ್ಟ್ ಕ್ಯಾನ್ಸಲ್ ಅಂತಿದಾರೆ. ಸ್ಕ್ಯಾನರ್ ಪ್ರಾಬ್ಲಮ್ಮು ಅಂದ್ಬಿಡೋಣ.”

“ಸ್ಕ್ಯಾನರ್ರು ಮೂಗು ಬರೆಯುತ್ತಾ?”

ಮರುದಿನ ರಘೋತ್ತಮನ ಜೊತೆ ತಾನೇ ಹೋದಳು. ನನ್ನದೇ ಕೆಲಸ, ಹಳೆಯ ಫೈಲೂ ಉಳಿದಿಲ್ಲ ಎಂದು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಗ್ರಂಥಾಲಯದ ಹೆಂಗಸು ಆ ಪುಟ ತೆರೆದಿಟ್ಟಳು. ಅಂಚಿನ ಚಿನ್ನ ಹಾಗೇ ಹೊಳೆಯುತ್ತಿತ್ತು. ಹೋದದ್ದು ತಾಯಿಯ ಮುಖ, ಮಗುವಿನ ಪಾದ. ವೇದವತಿಯ ಊರಲ್ಲಿ, ಬಣ್ಣ ಬಳಿಯುವ ಆ ಒಂದು ದಿನ ಬಿಟ್ಟರೆ, ಅಮ್ಮನನ್ನು ಮುಟ್ಟುವ ಹಕ್ಕು ಪೂಜಾರಿಗೆ ಮಾತ್ರ. ಕೇರಿಯವರಿಗೆ ಗುಡಿಯ ಹೊಸ್ತಿಲು ಮೆಟ್ಟುವ ಹಕ್ಕೂ ಇರಲಿಲ್ಲ. ಬಾಯಿಂದ ಸವೆದ ದೇವರನ್ನು ಅವಳು ಕಂಡದ್ದು ಇದೇ ಮೊದಲು.

“ಯಾರು ಬೇಕಾದರೂ ಮುತ್ತಿಡಬಹುದಿತ್ತೇ?”

“ಪುಸ್ತಕ ಇದ್ದವರು.”

“ಅಂದರೆ ದುಡ್ಡಿದ್ದವರು.”

ಆ ಹೆಂಗಸಿಗೆ ನಗು ತಡೆಯಲಾಗಲಿಲ್ಲ. ಪುಸ್ತಕ ಮತ್ತೆ ಕಳಿಸುತ್ತೇನೆ, ಒಂದು ಚುಕ್ಕಿಯನ್ನೂ ತಿದ್ದಕೂಡದು ಎಂದಳು.

“ಬಾಯ್ ಮುಚ್ಕೊಂಡಿರಿ ಅಂದಿದ್ದೆ,” ಎಂದು ರಘೋತ್ತಮ ವಾಪಸ್ಸು ಬರುವಾಗ ಫ್ರೀವೇ ಉದ್ದಕ್ಕೂ ಗೊಣಗಿದ. ಆದರೆ ಕೆಲಸದಿಂದ ತೆಗೆಯಲಿಲ್ಲ.

ಪುಟ ಮತ್ತೆ ಸ್ಕ್ರೀನಿನ ಮೇಲೆ ಬಂದಾಗ ವೇದವತಿಯ ಕೈ ತುರಿಸಿತು. ಮೌಸ್ ಬಿಟ್ಟು, ಕೈ ಕಟ್ಟಿ ಸ್ವಲ್ಪ ಹೊತ್ತು ಕೂತಳು. ಆಮೇಲೆ ಕಲೆಯನ್ನು ಕಲೆಯಾಗಿಯೇ ಏರಿಸಿದಳು.