ನನ್ನ ಶ್ರೀ, ಅವನ ಫಾಂಟು

ಯಾದಗಿರಿಯಲ್ಲಿ ಬಸ್ಸು ಹತ್ತಿ ಶಹಾಪುರದಲ್ಲಿ ಇಳಿಯುವುದರೊಳಗೆ ನನ್ನ ಗೆಳೆಯನ ಅಕ್ಷರ ಎಷ್ಟು ಕಡೆ ಕಣ್ಣಿಗೆ ಬೀಳುತ್ತದೆ ಎಂದು ಎಣಿಸುವುದನ್ನು ಈಚೆಗೆ ಬಿಟ್ಟಿದ್ದೇನೆ. ಬಸ್ ಸ್ಟ್ಯಾಂಡಿನ ಎದುರಿನ ಹುಟ್ಟುಹಬ್ಬದ ಫ್ಲೆಕ್ಸು ಅವನದು. ಭೀಮಾ ಸೇತುವೆ ದಾಟಿದ ಮೇಲೆ ಗೊಬ್ಬರದ ಅಂಗಡಿ, ಅದೂ ಅವನದು. ಶಹಾಪುರದ ಗುಡ್ಡ ಕಾಣುವ ಹೊತ್ತಿಗೆ ಒಂದು ಮದುವೆ, ಒಂದು ಶಾಲೆಯ ಜಾಹೀರಾತು, ಒಬ್ಬ ತೀರಿಹೋದ ಹಿರಿಯರ ಫೋಟೊ. ಹುಟ್ಟಿದವರಿಗೂ ಸತ್ತವರಿಗೂ ಅವನದೇ ಅಕ್ಷರ. ಆದರೆ ಇವುಗಳಲ್ಲಿ ಒಂದನ್ನೂ ಅವನು ಬ್ರಷ್ ಹಿಡಿದು ಬರೆದಿಲ್ಲ. ವನದುರ್ಗದ ಮನೆಯಲ್ಲಿ ಕುಳಿತು ತನ್ನ ಕೈಬರಹವನ್ನು ಫಾಂಟು ಮಾಡಿ ಇಂಟರ್ನೆಟ್ಟಿನಲ್ಲಿ ಮಾರಾಟಕ್ಕೆ ಇಟ್ಟಿದ್ದಾನೆ. ಫ್ಲೆಕ್ಸ್ ಅಂಗಡಿಯವರು ಅದನ್ನು ಕೊಂಡು ತಮಗೆ ಬೇಕಾದ್ದನ್ನು ಟೈಪ್ ಮಾಡಿಕೊಳ್ಳುತ್ತಾರೆ. ಅವನು ಉಣ್ಣುತ್ತಿದ್ದರೂ ಮಲಗಿದ್ದರೂ ಅವನ ಅಕ್ಷರ ಎಲ್ಲೋ ಒಂದು ಕಡೆ ದುಡಿಯುತ್ತಿರುತ್ತದೆ.

ನನಗೆ ಹೊಟ್ಟೆ ಉರಿಯುತ್ತದೆ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ನಾವಿಬ್ಬರೂ ಸುರಪುರದಲ್ಲಿ ಒಬ್ಬರೇ ಉಸ್ತಾದರ ಕೈಕೆಳಗೆ ಬೋರ್ಡು ಬರೆಯುವುದನ್ನು ಕಲಿತವರು. ನಾನು ಸಗರದಿಂದ ಬಂದವನು, ಅವನು ವನದುರ್ಗದಿಂದ. ಮೊದಲ ವರ್ಷ ಉಸ್ತಾದರು ಎಳೆದ ಗೆರೆಯೊಳಗೆ ಬಣ್ಣ ತುಂಬುವುದಷ್ಟೇ ನಮ್ಮ ಕೆಲಸ. ಆಮೇಲೆ ಚಾಕ್ ಹಚ್ಚಿದ ದಾರ ಜಗ್ಗಿ ಗೆರೆ ಹೊಡೆಯುವುದು, ಆಮೇಲೆ ಅಕ್ಷರ. ಉಸ್ತಾದರದು ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಒಬ್ಬ ಎತ್ತಿಕೊಂಡ ಅಕ್ಷರಕ್ಕೆ ಇನ್ನೊಬ್ಬ ಬ್ರಷ್ ತಾಗಿಸುವ ಹಾಗಿಲ್ಲ. ಕೆಟ್ಟರೆ ಅವನೇ ಒರೆಸಬೇಕು, ಅವನೇ ಮತ್ತೆ ಬರೆಯಬೇಕು.

ಯಾವ ಬೋರ್ಡಾದರೂ ನೆತ್ತಿಯ ಮೇಲೆ ಒಂದು ಶ್ರೀ ಬೇಕು. ಅದನ್ನು ಕೆಂಪಿನಲ್ಲಿ ಬರೆದ ಮೇಲೆಯೇ ಉಳಿದ ಕೆಲಸ. ಎರಡನೆಯ ವರ್ಷದಿಂದ ಆ ಶ್ರೀ ನನ್ನ ಪಾಲಿಗೆ ಬಂತು. ಉಸ್ತಾದರು ತಾವೇ ಬರೆಯುವುದನ್ನು ಬಿಟ್ಟು ಬ್ರಷ್ಷನ್ನು ನನ್ನ ಕೈಗೆ ಕೊಡುತ್ತಿದ್ದರು. ನನ್ನ ಶ್ರೀಯ ಬಾಲ ಮೇಲೆ ಹೋಗಿ ಒಂದು ಸುತ್ತು ಹಾಕಿ, ಕೆಳಗಿನ ಒತ್ತಿನ ಕಡೆ ಬಾಗಿ ನೋಡುತ್ತಿತ್ತು. ಹೇಗೆ ಬರುತ್ತಿತ್ತೋ ನನಗೂ ಗೊತ್ತಿಲ್ಲ. ಉಸಿರು ಹಿಡಿದು ಒಂದೇ ಎಳೆತಕ್ಕೆ ಬರೆದುಬಿಡುತ್ತಿದ್ದೆ. ನನ್ನ ಗೆಳೆಯ ಏಣಿ ಹಿಡಿದು ಕೆಳಗೆ ನಿಂತು ನೋಡುತ್ತಿದ್ದ.

ಒಂದು ದಿನ ಚಹಾ ಕುಡಿಯುತ್ತ ಉಸ್ತಾದರು ನನಗೆ ಹೇಳಿದರು: "ಲೇ, ಕೈ ನಿಂದು ಚೊಲೊ ಅದ, ಕುಂಡಿ ಅಂವಂದು ಚೊಲೊ ಅದ. ನೀ ಒಂದ್ ಕಡಿ ಕುಂಡ್ರಂಗಿಲ್ಲ. ಅಂವಾ ಕುಂತ್ರ ಏಳಂಗಿಲ್ಲ."

ನಾನು ಅದರ ಮೊದಲ ಅರ್ಧವನ್ನು ಮಾತ್ರ ಇಟ್ಟುಕೊಂಡೆ. ಮೂವತ್ತು ವರ್ಷ ಅದನ್ನೇ ಜೇಬಿನಲ್ಲಿ ಹಾಕಿಕೊಂಡು ತಿರುಗಿದ್ದೇನೆ. ನನ್ನ ಕೈ ದೊಡ್ಡದು, ಅವನದು ಸಣ್ಣದು.

ಉಸ್ತಾದರು ತೀರಿಕೊಂಡರು, ಫ್ಲೆಕ್ಸು ಬಂತು. ನಾನು ಯಾದಗಿರಿಗೆ ಬಂದು ನಂಬರ್ ಪ್ಲೇಟು, ಶಾಲೆಯ ಗೋಡೆ, ಅಂಗನವಾಡಿಯ ಆನೆ ಒಂಟೆ ಬರೆದುಕೊಂಡು ಉಳಿದೆ. ಅವನು ಕಂಪ್ಯೂಟರ್ ತಂದಿದ್ದಾನೆ ಎಂಬ ಸುದ್ದಿ ಬಂದದ್ದು ಮೂರು ವರ್ಷದ ಹಿಂದೆ. ಅದೇ ತಿಂಗಳು ಅವನ ಫೋನು ಬರತೊಡಗಿತು. ಹೊಸ ಯಂತ್ರದ ದೊಡ್ಡಸ್ತಿಕೆ ಕೊಚ್ಚಿಕೊಳ್ಳಲು ಮಾಡುತ್ತಿದ್ದಾನೆ ಎಂದುಕೊಂಡೆ. ಗೋಡೆಯ ಮುಂದೆ ಬ್ರಷ್ ಹಿಡಿದು ನಿಂತು, ಅಂಗಿಯ ಜೇಬಿನಲ್ಲಿ ಅದು ಬಡಿದುಕೊಂಡು ಸುಮ್ಮನಾಗುವ ತನಕ ಬಿಡುತ್ತಿದ್ದೆ. ಆರು ಸಲ ಮಾಡಿದ. ಆಮೇಲೆ ಮಾಡಲಿಲ್ಲ.

ಮುಂದಿನ ವರ್ಷ ಅವನ ಅಕ್ಷರ ರಸ್ತೆಗೆ ಬಂತು.

ನನ್ನ ಕೆಟ್ಟ ಬುದ್ಧಿಯನ್ನು ಮುಚ್ಚಿಡುವುದಿಲ್ಲ. ಫ್ಲೆಕ್ಸ್ ಅಂಗಡಿಯವರು ಸಿಕ್ಕಾಗಲೆಲ್ಲ, ಆ ಫಾಂಟಿನಲ್ಲಿ ತಪ್ಪಿದೆ, ದೊಡ್ಡದು ಮಾಡಿದರೆ ಒಡೆಯುತ್ತದೆ ಎಂದು ಹೇಳುತ್ತಿದ್ದೆ. ಒಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಾರಾದರೂ "ನಿಮ್ಮ ದೋಸ್ತಂದಂತಲ್ರಿ" ಎಂದರೆ, ಅದೆಲ್ಲ ಕಂಪ್ಯೂಟರೇ ಬರೆಯುತ್ತದೆ ಎನ್ನುತ್ತಿದ್ದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ತಪ್ಪು ಹುಡುಕುತ್ತಿದ್ದೆ. ಗ ಬಡಕಲಾಗಿದೆ, ಮ ಅಂಗಾತ ಬಿದ್ದಿದೆ, ಯ ಉಸ್ತಾದರದನ್ನು ಕದ್ದದ್ದು. ತಪ್ಪು ಸಿಕ್ಕ ದಿನ ಊಟ ರುಚಿಸುತ್ತಿತ್ತು.

ನನ್ನ ಮಗಳು ಡಿಗ್ರಿ ಓದುತ್ತಾಳೆ. ನನ್ನ ಗೊಣಗಾಟ ಕೇಳಿ ಕೇಳಿ ಬೇಸತ್ತು ಒಂದು ದಿನ ಹೇಳಿದಳು: "ಯಪ್ಪಾ, ನೀನೂ ಒಂದ್ ಫಾಂಟ್ ಮಾಡು. ಹಾಳಿ ಮ್ಯಾಲ ಬರದು ಕೊಡು, ಉಳಿದದ್ದು ನಾ ನೋಡ್ಕೋತೀನಿ. ಅವ್ರಕಿಂತ ನಿನ್ನ ಕೈ ಚೊಲೊ ಅಂತ ನೀನ ಹೇಳ್ತಿಯಲ್ಲ."

ಮರುದಿನವೇ ಬಿಳಿ ಹಾಳೆಯ ಕಟ್ಟು ತಂದೆ. ಒಂದು ಹಾಳೆಗೆ ಒಂದೇ ಅಕ್ಷರ ಬರೆಯಬೇಕು ಎಂದಳು. ಅಲ್ಲೇ ಸಿಕ್ಕಿಬಿದ್ದೆ. ನಾನು ಜನ್ಮದಲ್ಲಿ ಒಂಟಿ ಅಕ್ಷರ ಬರೆದವನಲ್ಲ. ಬೋರ್ಡಿನ ಮೇಲೆ ಪಕ್ಕದಲ್ಲಿ ಏನಿದೆ ಎಂದು ನೋಡಿ ಬರೆಯುವುದೇ ನಮ್ಮ ಕಸುಬು. ಜಾಗ ಕಡಿಮೆ ಬಿದ್ದರೆ ಡ ಒಳಗೆ ಸರಿಯುತ್ತದೆ, ಜಾಗ ಉಳಿದರೆ ಲ ಕಾಲು ಚಾಚುತ್ತದೆ. ಹಾಳೆಯ ನಡುವೆ ಒಂದೇ ಕ ಬರೆದರೆ ಅದು ಯಾವ ಕಡೆ ತಿರುಗಬೇಕು? ಬರೆದೆ. ಮಗಳು ಅವುಗಳನ್ನು ಲ್ಯಾಪ್‌ಟಾಪಿಗೆ ಹಾಕಿ 'ಕಿರಾಣಿ ಅಂಗಡಿ' ಎಂದು ಜೋಡಿಸಿದಳು. ರೇಷನ್ ಸಾಲಿನಲ್ಲಿ ಒಬ್ಬರ ಮೇಲೊಬ್ಬರು ಸಿಟ್ಟಾಗಿ ನಿಂತ ಹಾಗೆ ಕಂಡವು.

"ಇನ್ನೊಮ್ಮೆ ಬರಿ," ಎಂದಳು. ಬರೆದೆ. ಈ ಸಲದ ಕ ಹಿಂದಿನ ಕ ಆಗಿರಲಿಲ್ಲ. ಹೀಗೆ ಹನ್ನೊಂದು ದಿನ. ಹನ್ನೆರಡನೆಯ ದಿನ ಒತ್ತಕ್ಷರಗಳ ಪಟ್ಟಿ ತಂದು ಮುಂದಿಟ್ಟಳು. ಅದರ ಉದ್ದ ನೋಡಿದವನೇ ಬ್ರಷ್ಷನ್ನು ಟರ್ಪೆಂಟೈನ್ ಡಬ್ಬಿಗೆ ಒಗೆದು ಎದ್ದೆ. ಇದು ಕಲೆಯಲ್ಲ, ಗುಮಾಸ್ತರ ಕೆಲಸ ಎಂದು ಕೂಗಾಡಿದೆ. ಅವಳು ಹಾಳೆಗಳನ್ನು ಜೋಡಿಸುತ್ತ, "ಅವ್ರು ಕುಂತು ಬರದಾರ ಯಪ್ಪಾ," ಎಂದಳು. ಉಸ್ತಾದರ ಮಾತಿನ ಎರಡನೆಯ ಅರ್ಧ ಅವತ್ತು ನನ್ನ ಮನೆಯೊಳಗೇ ಬಂತು.

ಸೋತವನು ಸುಮ್ಮನಿರಬೇಕಿತ್ತು. ಇರಲಿಲ್ಲ. ಅವನ ಫಾಂಟನ್ನು ಮಗಳ ಫೋನಿನಿಂದ ಕೊಳ್ಳಲು ಹೇಳಿದೆ. ಹತ್ತಿರದಿಂದ ನೋಡಿ ಇನ್ನಷ್ಟು ತಪ್ಪು ಹಿಡಿಯುವ ಆಸೆ. ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟು, "ಏನ್ ಹೊಡೀಲಿ?" ಎಂದು ಕೇಳಿದಳು. ರೂಢಿಯ ಬಲದಿಂದ ಶ್ರೀ ಎಂದೆ.

ತೆರೆಯ ಮೇಲೆ ಬಂದದ್ದು ನನ್ನ ಶ್ರೀ. ಬಾಲ ಮೇಲೆ ಹೋಗಿ ಒಂದು ಸುತ್ತು ಹಾಕಿ ಕೆಳಗೆ ಬಾಗಿ ನೋಡುತ್ತಿತ್ತು. ಇಷ್ಟು ದಿನ ರಸ್ತೆಯುದ್ದಕ್ಕೂ ಇದು ನನ್ನ ಕಣ್ಣೆದುರಿಗೇ ಇತ್ತು. ನಾನು ತಪ್ಪು ಹುಡುಕುತ್ತಿದ್ದವನು, ತಪ್ಪಿಲ್ಲದ ಕಡೆ ನನ್ನ ಕಣ್ಣು ನಿಂತಿರಲಿಲ್ಲ.

ಅವತ್ತು ನನಗಾದ ಸಂತೋಷ ಹೇಳತೀರದು. ಕಳ್ಳ ಸಿಕ್ಕಿದ್ದ. ಮರುದಿನ ಮೊದಲ ಬಸ್ಸಿಗೆ ಶಹಾಪುರಕ್ಕೆ ಹೋಗಿ, ಅಲ್ಲಿಂದ ಟಂಟಂ ಹಿಡಿದು ವನದುರ್ಗದಲ್ಲಿ ಇಳಿದೆ. ಏನೇನು ಬಯ್ಯಬೇಕೆಂದು ದಾರಿಯಲ್ಲೇ ಪಾಠ ಮಾಡಿಕೊಂಡಿದ್ದೆ. ಅವನು ಕಿಟಕಿಯ ಪಕ್ಕದ ಮೇಜಿನ ಮುಂದೆ ಕುಳಿತಿದ್ದ. ನನ್ನನ್ನು ನೋಡಿ ಎದ್ದು ತಾನೇ ನೀರು ತಂದುಕೊಟ್ಟ. ತಲೆ ಪೂರ್ತಿ ಹಣ್ಣಾಗಿತ್ತು. ನಾನು ನೀರು ಮುಟ್ಟಲಿಲ್ಲ.

"ಶ್ರೀ ಯಾರದು?" ಎಂದೆ.

"ನಿಂದು," ಎಂದ. "ಮತ್ಯಾರದಿರ್ತದ? ಸುರಪುರದಾಗ ನೀ ಶ್ರೀ ಬರದಿದ್ದ ಕಿರಾಣಿ ಅಂಗಡಿ ಬೋರ್ಡ್ ಇನ್ನೂ ಅದ. ಅದರ ಫೋಟೊ ತೆಗದೆ. ನಾನೂ ಬರದು ನೋಡಿದೆ, ಎರಡ್ ತಿಂಗಳ ಅದೊಂದಕ್ಕ ಕುಂತೆ. ಬರಲಿಲ್ಲ. ನಿಂದ ಇದ್ದಂಗ ಹಾಕೀನಿ, ಒಂದ್ ಗೆರಿ ಮುಟ್ಟಿಲ್ಲ."

"ಕೇಳಬೇಕಂತ ಅನಸಲಿಲ್ಲೇನು?"

"ಆರು ಸಲ ಫೋನ್ ಮಾಡಿದೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಶ್ರೀ ಒಂದಕ್ಕ ಅಲ್ಲ. ಎಲ್ಲಾ ಅಕ್ಷರ ನೀನ ಬರಿ, ನಾ ಕುಂತು ಕಂಪ್ಯೂಟರ್‌ನಾಗ ತಿದ್ತೀನಿ ಅಂತ ಹೇಳಬೇಕಿತ್ತು. ಉಸ್ತಾದ್ರು ಅಂತಿದ್ರಲ್ಲ, ಕೈ ನಿಂದು, ಕುಂಡಿ ನಂದು. ಇಬ್ಬರೂ ಕೂಡಿ ಮಾರೋಣಂತ ಇದ್ದೆ. ನೀ ಎತ್ತಲಿಲ್ಲ."

ರಸ್ತೆಯ ಆ ಅಕ್ಷರಗಳೆಲ್ಲ ನನ್ನವಾಗಬೇಕಿತ್ತು. ನನ್ನ ಜೇಬಿನಲ್ಲಿ ಬಡಿದುಕೊಂಡು ಸುಮ್ಮನಾದದ್ದು ಅದು. ಆಗಲಾದರೂ ನೀರು ಕುಡಿದು, ಅವನ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕುಳಿತಿದ್ದರೆ ಆಗುತ್ತಿತ್ತು. ಆದರೆ ಅವನ ಮೇಜು, ಅವನ ಕಂಪ್ಯೂಟರು, ಅವನ ತಾಳ್ಮೆ ಎಲ್ಲ ಸೇರಿ ನನ್ನನ್ನು ಚುಚ್ಚಿದವು.

"ತೆಗಿ ಅದನ್ನ," ಎಂದೆ.

"ನಿನ್ನ ಹೆಸರು ಹಾಕ್ತೀನಿ. ಬಂದಿದ್ರಾಗ ಪಾಲೂ ಕೊಡ್ತೀನಿ."

"ಒಬ್ಬನ ಅಕ್ಷರ ಇನ್ನೊಬ್ಬ ಮುಟ್ಟಂಗಿಲ್ಲ. ತೆಗಿ ಅಂದ್ರ ತೆಗಿ."

ನಿಜ ಹೇಳುತ್ತೇನೆ, ಅವನು ಬೇಡಿಕೊಳ್ಳಲಿ ಎಂದಿತ್ತು ನನಗೆ. ನಿನ್ನ ಶ್ರೀ ಇಲ್ಲದಿದ್ದರೆ ನನ್ನ ಫಾಂಟಿಗೆ ಕಳೆಯೇ ಇಲ್ಲ ಎಂದು ಒಂದು ಸಲ ಅವನ ಬಾಯಿಂದ ಬಂದಿದ್ದರೆ ಅಲ್ಲೇ ಕರಗಿಬಿಡುತ್ತಿದ್ದೆ. ಅವನು ಮೇಜಿನ ಕಡೆ ತಿರುಗಿ, "ಆತು," ಎಂದ.

ಹೇಳಿದಂತೆ ಮಾಡಿದ. ಕೊಂಡವರಿಗೆಲ್ಲ ಹೊಸ ಫಾಂಟು ಕಳಿಸಿದ. ಅದರಲ್ಲಿ ಶ್ರೀಯೂ ಅವನದೇ. ನೆಟ್ಟಗೆ, ಅಚ್ಚುಕಟ್ಟಾಗಿ, ಶಾಲೆಗೆ ಹೊರಟ ಮಗುವಿನ ಹಾಗೆ ನಿಂತಿರುತ್ತದೆ. ಒಂದು ತಿಂಗಳು ಕಾದೆ. ಯಾರಾದರೂ ಏನಾದರೂ ಅಂದಾರು ಎಂದುಕೊಂಡೆ. ಕೊನೆಗೆ ತಡೆಯಲಾರದೆ ಶಹಾಪುರದ ಒಬ್ಬ ಫ್ಲೆಕ್ಸ್ ಅಂಗಡಿಯವನಿಗೆ ಹಳೆಯದು, ಹೊಸದು ಎರಡನ್ನೂ ತೋರಿಸಿ, ಏನು ಫರಕು ಕಾಣುತ್ತದೆ ಎಂದು ಕೇಳಿದೆ. ಅವನು ಎರಡನ್ನೂ ನೋಡಿ ನನ್ನನ್ನೂ ನೋಡಿದ. "ಫರಕ್ ಏನದರಿ? ಅದೂ ಶ್ರೀ, ಇದೂ ಶ್ರೀ," ಎಂದ.

ಈಗಲೂ ಅದೇ ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಕೂರುತ್ತೇನೆ. ತಪ್ಪು ಹುಡುಕುವುದಿಲ್ಲ. ಹಳೆಯ ಫ್ಲೆಕ್ಸುಗಳನ್ನು ಹುಡುಕುತ್ತೇನೆ, ಯಾರೋ ಬಿಚ್ಚಲು ಮರೆತವು. ಸೇತುವೆಯ ಆಚೆಯ ಗೊಬ್ಬರದ ಅಂಗಡಿಯಲ್ಲಿ ಒಂದಿದೆ, ಶಹಾಪುರಕ್ಕೆ ಮೊದಲು ಒಂದು ಗ್ಯಾರೇಜಿನ ಮೇಲೆ ಇನ್ನೊಂದು. ಅವೂ ಬೆಳ್ಳಗಾಗುತ್ತಿವೆ. ನಮ್ಮ ಬಿಸಿಲಿಗೆ ಎಲ್ಲ ಬಣ್ಣಕ್ಕಿಂತ ಮೊದಲು ಕೆಂಪು ಹೋಗುತ್ತದೆ ಎಂದು ಉಸ್ತಾದರು ಹೇಳಿಕೊಟ್ಟಿದ್ದರು. ಫ್ಲೆಕ್ಸ್ ಅಂಗಡಿಯವರೂ ಶ್ರೀಯನ್ನು ಕೆಂಪಿನಲ್ಲೇ ಹಾಕಿದ್ದಾರೆ.