ಬಸ್ಸಿನಕ್ಕ ಮತ್ತು ನಾನು ಕೂಡಿಸಿದ ಒಂದು ಮಾತು

ಬಸ್ಸು ಹತ್ತುವ ಪ್ರತಿಯೊಬ್ಬರ ಕಡೆಗೂ ಅವಳು ಇಡೀ ಕತ್ತನ್ನೇ ಹೊರಳಿಸುತ್ತಿದ್ದಳು. ಬರೀ ಕಣ್ಣು ತಿರುಗಿಸಿ ತಲೆಯಾಡಿಸುವ ಡ್ರೈವರುಗಳನ್ನು ಕಂಡಿದ್ದ ನಮಗೆ ಇದು ಹೊಸದು. ಸೀಟಿನಲ್ಲೇ ಅರ್ಧ ತಿರುಗಿ, ಎಡಗಿವಿಗೂ ಮಾತು ಬೀಳುವಷ್ಟು ಮುಖ ತಂದು, ಬಿಳಿಯ ಗಿಡ್ಡ ಕೂದಲಿನ ಆ ಎತ್ತರದ ಹೆಂಗಸು ಒಬ್ಬೊಬ್ಬರಿಗೂ ನಮಸ್ಕಾರ ಹೇಳುವಳು. ಡಚ್ಚರ ನಾಡಿನ ಈ ವೆಲ್ಡ್‌ಹೋವನ್‌ನ ಚಿಪ್ ಯಂತ್ರದ ಕಂಪನಿಗೆ ಹೋಗುವ ನಮ್ಮ ಜನ "ಏನ್ ಮರ್ಯಾದೆ ರೀ ಇವ್ರ್ದು!" ಎಂದು ಹೊಗಳುತ್ತಿದ್ದರು. ನಾನೂ ಹಾಗೇ ತಿಳಿದಿದ್ದೆ. ಅವಳ ಬಲಗಿವಿ ಮುಕ್ಕಾಲು ಮಂದ, ಇಲ್ಲಿ ಬಸ್ಸಿನ ಬಾಗಿಲಿರುವುದೂ ಬಲಕ್ಕೇ, ಅದಕ್ಕೇ ಇಷ್ಟು ಉಪಚಾರ ಎಂದು ಗೊತ್ತಾಗಲು ನಾನು ಅವಳ ಪಕ್ಕದ ಮನೆಗೇ ಬಾಡಿಗೆಗೆ ಬರಬೇಕಾಯಿತು.

ನಾನು ಅವಳನ್ನು ಅಕ್ಕ ಎಂದೇ ಕರೆದೆ. ಮೊದಮೊದಲು "ಮೇಡಂ" ಎನ್ನುತ್ತಿದ್ದೆ. "ಮೇಡಂ ಅಂದ್ರ ನಾ ಬಾಗಿಲಾ ತಗಿಯೂದಿಲ್ಲ" ಎಂದು ಹೆದರಿಸಿದಳು. ಅವಳು ಆಡುತ್ತಿದ್ದದ್ದು ಡಚ್ಚು, ನನಗೆ ತಿಳಿಯದಿದ್ದರೆ ನಡುವೆ ಒಂದಿಷ್ಟು ಇಂಗ್ಲಿಷು. ಆದರೆ ನನ್ನ ತಲೆಯೊಳಗೆ ಅದು ಬಂದು ಕೂರುತ್ತಿದ್ದದ್ದು ನಮ್ಮ ಬೈಲಹೊಂಗಲದ ಮಾತಾಗಿಯೇ. ಹಾಗಾಗಿ ಇಲ್ಲಿಯೂ ಹಾಗೇ ಬರೆಯುತ್ತೇನೆ.

ಬಸ್ಸಿಗೆ ಬರುವ ಮೊದಲು ಅವಳು ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದಳು. ಮದುವೆಯಾಗಿರಲಿಲ್ಲ. ಹತ್ತಿರದವನೆಂದರೆ ರಾಟರ್‌ಡ್ಯಾಮ್ ಪಕ್ಕದ ಕಾಪೆಲ್ಲೆಯಲ್ಲಿದ್ದ ಒಬ್ಬ ತಮ್ಮ. ಮೂವತ್ತೈದಕ್ಕೆ ಬಂದ ನನಗೆ ಸೈಕಲ್ ಬರುವುದಿಲ್ಲ ಎಂದು ಕೇಳಿ ಅವಳಿಗೆ ಆದ ಆಶ್ಚರ್ಯ, ನನಗೆ ಊಟ ಮಾಡಲು ಬರುವುದಿಲ್ಲ ಎಂದಿದ್ದರೂ ಆಗುತ್ತಿರಲಿಲ್ಲ. ಮರುದಿನವೇ ಕವಾಯತು ಶುರು. ಚರ್ಚಿನ ಹಿಂದಿನ ಖಾಲಿ ಜಾಗದಲ್ಲಿ ನಾನು ಸೈಕಲ್ಲಿನ ಮೇಲೆ, ಅವಳು ಪಕ್ಕದಲ್ಲಿ ಓಡುತ್ತಾ. "ಕಾಲ್ ಯಾಕ ನೋಡ್ತಿ? ಕಾಲು ಎಲ್ಲಿಗೂ ಓಡಿಹೋಗೂದಿಲ್ಲ. ದಾರಿ ನೋಡು!" ನಾಲ್ಕು ಸಲ ಬಿದ್ದೆ. ನಾಲ್ಕು ಸಲವೂ ಅವಳು ಮೊದಲು ಎತ್ತಿದ್ದು ಸೈಕಲ್ಲನ್ನೇ. "ನಿನಗ ಎರಡು ಕಾಲವ, ಏಳತೀ. ಅದಕ್ಕ ಸ್ಟ್ಯಾಂಡು ಮುರದದ" ಎಂದಳು. ಅಯ್ಯೋ ಶಿವನೇ, ಎಂಥಾ ಗುರು ಸಿಕ್ಕಳಪ್ಪಾ ಎಂದುಕೊಂಡೆ. ಹದಿನೈದು ದಿನಕ್ಕೆ ಹಿಂದೆ ಮಗಳನ್ನು ಕೂರಿಸಿಕೊಂಡು ಮಳೆಗಾಳಿಯಲ್ಲಿ ಹೋಗುವಂತಾದೆ.

ಕಾಫಿಗೆ ಕರೆದರೆ ಡೈರಿ ತೆಗೆದು ದಿನ ಗೊತ್ತು ಮಾಡುವಳು. ಬಿಸ್ಕತ್ತಿನ ಡಬ್ಬಿ ತೆರೆದು ಒಂದು ಕೊಟ್ಟು ಟಪ್ಪೆಂದು ಮುಚ್ಚುವಳು. ನಮ್ಮ ಮನೆಗೆ ಬಂದಾಗ ನಾನು ತಟ್ಟೆ ತುಂಬ ಕರದಂಟು ಇಟ್ಟರೆ ಅಷ್ಟನ್ನೂ ತಿಂದುಬಿಡುವಳು, ಅದು ಬೇರೆ ಮಾತು. ಇಲ್ಲಿಯವರು ಬಂಧುಮಿತ್ರರ ಹುಟ್ಟುಹಬ್ಬಗಳನ್ನು ಬರೆದಿಡುವ ಕ್ಯಾಲೆಂಡರನ್ನು ಪಾಯಖಾನೆಯ ಗೋಡೆಗೆ ನೇತುಹಾಕುತ್ತಾರೆ. ದಿನಾ ಕಣ್ಣಿಗೆ ಬೀಳಲಿ, ಮರೆಯದಿರಲಿ ಎಂದು. ಒಂದು ದಿನ ಅವಳ ಮನೆಯ ಆ ಕ್ಯಾಲೆಂಡರಿನಲ್ಲಿ ನನ್ನ ಹೆಸರು ಕಂಡು ಕಣ್ಣು ತುಂಬಿಕೊಂಡು ಹೊರಗೆ ಬಂದೆ. ಅಲ್ಲಿಂದ ಅಳುತ್ತಾ ಬಂದವಳನ್ನು ನೋಡಿ ಅವಳು ಗಾಬರಿಯಾಗಿ ಹೊಟ್ಟೆನೋವಿನ ಗುಳಿಗೆ ಹುಡುಕಿದಳು.

ನನ್ನ ದೋಷವೆಂದರೆ ನನ್ನ ಬಾಯಿ. ಅಪ್ಪ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ನಮ್ಮ ಬೆಳಗಾವಿ ಕಡೆ ಓಣಿಗೆ ನಾಲ್ಕು ಮಂದಿ ಸೈನಿಕರು. ಆ ಸೊಕ್ಕು ನನ್ನಲ್ಲಿ ಒಂದು ತೊಲೆ ಜಾಸ್ತಿಯೇ ಇತ್ತು. "ಅಕ್ಕಾ, ನಿಮ್ಮ ಇಡೀ ಸೈನ್ಯ ನಮ್ಮ ಜಿಲ್ಲಾದಾಗ ಹಿಡಸ್ತದ" ಎಂದು ಕಿಚಾಯಿಸುತ್ತಿದ್ದೆ. "ಹಿಡಸ್ತದ, ಆದ್ರ ಅಷ್ಟು ಮಂದಿಗೆ ಕಾಫಿ ನೀ ಮಾಡಬೇಕು" ಎಂದು ಅವಳೂ ನಗುತ್ತಿದ್ದಳು. ಎಂದೂ ಬೇಸರಿಸಿಕೊಂಡವಳಲ್ಲ.

ಹೀಗಿರುವಾಗ ದೊಡ್ಡ ದೇಶವೊಂದರ ದೊಡ್ಡ ಮನುಷ್ಯರು, ಅಫ್ಘಾನಿಸ್ತಾನದ ಯುದ್ಧದಲ್ಲಿ ಸಣ್ಣ ದೇಶಗಳವರು ಹಿಂದೆಯೇ ಉಳಿದಿದ್ದರು ಎನ್ನುವ ಧಾಟಿಯಲ್ಲಿ ಮಾತಾಡಿದರೆಂದು ಇಲ್ಲಿ ಗದ್ದಲವೆದ್ದಿತು. ಡಚ್ಚರು ಸಾಮಾನ್ಯಕ್ಕೆ ದೇಶದ ಹೆಸರಿನಲ್ಲಿ ಎದೆ ತಟ್ಟಿಕೊಳ್ಳುವವರಲ್ಲ. ತಮ್ಮ ಸೈನ್ಯ ಅಲ್ಲಿಗೆ ಹೋದದ್ದು ಕಟ್ಟಲಿಕ್ಕೋ ಕಾದಾಡಲಿಕ್ಕೋ ಎಂದು ವರ್ಷಗಟ್ಟಲೆ ತಮ್ಮತಮ್ಮಲ್ಲೇ ಜಗಳವಾಡಿದ ಮಂದಿ. ಆದರೆ ಹೊರಗಿನವರು ಅಂದದ್ದು ಅವರಿಗೂ ಚುಚ್ಚಿತು. ಟಿವಿಯಲ್ಲಿ ದಿನವೂ ಅದೇ ವಾದ. ಅಕ್ಕ ಮಾತ್ರ ಬಸ್ಸಿನಲ್ಲಿ ರೇಡಿಯೋ ಹಚ್ಚುವುದನ್ನು ಬಿಟ್ಟಳು, ಅಷ್ಟೇ. ಅದನ್ನು ಕಂಡರೂ ನನಗೆ ಹೊಳೆಯಲಿಲ್ಲ.

ಏಪ್ರಿಲ್‌ನಲ್ಲಿ ಅಪ್ಪ ಬಂದರು. ಅಕ್ಕನೂ ಸೈನ್ಯದವಳೆಂದು ಹೇಳಿದಾಗ ಅವರ ಮುಖ ಅರಳಿತು. ಕಾಫಿಗೆ ಕರೆದೆ. ಅಪ್ಪನಿಗೆ ಡಚ್ಚು ಬಾರದು, ಫೌಜಿನ ಇಂಗ್ಲಿಷು ಎರಡು ಮಾತಿಗೆ ಮುಗಿಯುತ್ತದೆ. ನಡುವೆ ಕುಳಿತು ಅತ್ತಿತ್ತ ಹೇಳುವ ಕೆಲಸ ನನ್ನದು. ಅಫ್ಘಾನಿಸ್ತಾನದಲ್ಲಿ ಸಾಮಾನಿನ ಲಾರಿ ಓಡಿಸುತ್ತಿದ್ದೆ ಎಂದು ಅವಳು ಹೇಳಿದಳು. ಅಪ್ಪ ಕಪ್ಪು ಕೆಳಗಿಟ್ಟು ಗಂಭೀರವಾಗಿ ಅಂದರು: "ಮುಂದಿನೋರಿಗೆ ಅನ್ನ ಮುಟ್ಟಸೋರು ಹಿಂದಿನೋರ. ಲಾರಿ ಕೆಲಸ ಭಾಳ ಕಠಿಣ."

ಇದನ್ನು ಇದ್ದ ಹಾಗೆ ದಾಟಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? "ಹಿಂದಿನೋರು" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಟಿವಿಯ ಜಗಳ ನೆನಪಾಯಿತು, ನಾಲಿಗೆ ತುರಿಸಿತು. ಎಂದಿನ ಕಿಚಾಯಿಸುವಿಕೆ ಎಂದುಕೊಂಡು, ನಗುತ್ತಾ, ಅಪ್ಪನ ಮಾತೆಂಬಂತೆ ಡಚ್ಚಿನಲ್ಲಿ ಹೇಳಿಬಿಟ್ಟೆ: "ನೀವು ಹಿಂದ ಇದ್ದವ್ರಂತ. ದೊಡ್ಡ ದೇಶದೋರು ಮುಂದ ಬಡದಾಡಿದ್ರು, ನೀವು ಹಿಂದ ಕುಂತು ಕಾಫಿ ಕುಡದ್ರಿ, ಹೌದಲ್ಲ?"

ಅಕ್ಕ ಅಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕರದಂಟಿನ ತಟ್ಟೆಯನ್ನು ಮುಟ್ಟದೆ ಎದ್ದು, "ಕಾಫಿ ಛಲೋ ಇತ್ತು" ಎಂದು ಹೇಳಿ ಹೋದಳು.

"ನಾ ಏನರ ತಪ್ಪು ಅಂದ್ನೇನವಾ?" ಎಂದರು ಅಪ್ಪ.

"ಇಲ್ಲಪಾ, ಆಕಿಗೆ ಡ್ಯೂಟಿ ಇತ್ತಂತ" ಎಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು. ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟು ಬರುವುದು ಆ ಎರಡನೆಯದಕ್ಕೆ.

ಮೂರು ವಾರ ಅಕ್ಕ ನಮ್ಮ ಬಾಗಿಲಿಗೆ ಬರಲಿಲ್ಲ. ಬಸ್ಸು ಹತ್ತಿದರೆ ನನ್ನ ಮುಂದಿನವನಿಗೂ ಹಿಂದಿನವಳಿಗೂ ಕತ್ತು ಹೊರಳಿಸಿ ಮಾತಾಡಿಸುವಳು. ನನ್ನ ಸರದಿ ಬಂದಾಗ ದೃಷ್ಟಿ ರಸ್ತೆಯ ಮೇಲೆ. ಹೋಗಿ ತಪ್ಪಾಯಿತು ಎನ್ನಲು ದಿನವೂ ಹೊರಡುತ್ತಿದ್ದೆ, ಅವಳ ಬೇಲಿಯವರೆಗೆ ಹೋಗಿ ವಾಪಸು ಬರುತ್ತಿದ್ದೆ. ಮನೆಯಲ್ಲಿ ಅಪ್ಪ ಒಂದೇ ಸಮನೆ, "ಆ ಹೆಣ್ಣಮಗಳು ಯಾಕ ಬರವಲ್ಲಳು?" ಎಂದು ಕೇಳುತ್ತಿದ್ದರು.

ಮೇ ನಾಲ್ಕರಂದು ಇಲ್ಲಿ ಯುದ್ಧಗಳಲ್ಲಿ ಮಡಿದವರ ಸ್ಮರಣೆ. ಸಂಜೆ ಎಂಟಕ್ಕೆ ಎರಡು ನಿಮಿಷ ಇಡೀ ದೇಶ ಸುಮ್ಮನಾಗುತ್ತದೆ. ಬೇಸಿಗೆಯ ಬೆಳಕು ಇನ್ನೂ ಇರುತ್ತದೆ. ಅಪ್ಪನನ್ನು ಊರ ಚರ್ಚಿನ ಮುಂದಿನ ಸ್ಮಾರಕಕ್ಕೆ ಕರೆದುಕೊಂಡು ಹೋದೆ. ಮಾಜಿ ಸೈನಿಕರ ಸಾಲಿನ ಕೊನೆಯಲ್ಲಿ ಅಕ್ಕ ನಿಂತಿದ್ದಳು. ಕಡುನೀಲಿ ಕೋಟು, ಎದೆಯ ಮೇಲೆ ಪದಕಗಳು. ನಾನು ಅವನ್ನು ನೋಡಿದ್ದೇ ಅಂದು ಮೊದಲು. ಬೇರೆ ದೇಶದ ಆ ಪದಕಗಳು ಯಾತಕ್ಕೆ ಕೊಟ್ಟವೆಂದು ಅಪ್ಪನಿಗೆ ತಿಳಿಯುವಂತಿರಲಿಲ್ಲ. ಆದರೆ ಅವಳು ನಿಂತ ರೀತಿ ನೋಡಿದರು. "ಈಕಿ ಯಾರನ್ನೋ ಕಳಕೊಂಡಾಳ" ಎಂದರು. ಎರಡು ನಿಮಿಷವೂ ನನ್ನ ಪಕ್ಕದಲ್ಲಿ ಸಾವಧಾನ್ ಭಂಗಿಯಲ್ಲಿ ನೆಟ್ಟಗೆ ನಿಂತರು. ಸೆಲ್ಯೂಟ್ ಮಾತ್ರ ಹೊಡೆಯಲಿಲ್ಲ. ತಲೆಯ ಮೇಲೆ ಟೋಪಿ ಇಲ್ಲದೆ ಸೆಲ್ಯೂಟ್ ಹೊಡೆಯಬಾರದು, ಅದು ಅವರ ಫೌಜಿನ ಕಟ್ಟಳೆ.

ಮರುದಿನ ಬೆಳಿಗ್ಗೆ ನೋಡಿದರೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊರಿಂದ ತಂದಿದ್ದ ಬಿಳಿ ಗಾಂಧಿ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. "ನಡಿ, ಆಕಿ ಮನಿಗೆ."

ಅಕ್ಕ ಬಾಗಿಲು ತೆರೆದಳು. ಅಪ್ಪ ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದರು. ಗಾಂಧಿ ಟೋಪಿಯ ಸೆಲ್ಯೂಟ್! ಬೇರೆ ದಿನವಾಗಿದ್ದರೆ ನಕ್ಕು ಸಾಯುತ್ತಿದ್ದೆ. "ನನ್ನಿಂದ ತಪ್ಪಾಗಿದ್ರ ಕ್ಷಮಾ ಇರಲಿ ಅಂತ ಹೇಳು" ಎಂದರು ನನ್ನ ಕಡೆ ನೋಡದೆ. ಎಪ್ಪತ್ತಾರು ವರ್ಷದ ಅಪ್ಪ, ಮಾಡದ ತಪ್ಪಿಗೆ, ಪರದೇಶದಲ್ಲಿ ಒಬ್ಬರ ಹೊಸ್ತಿಲ ಮುಂದೆ. ಆ ಒಂದು ಸಾಲನ್ನು ಹೇಳುವ ಬದಲು ಎಲ್ಲವನ್ನೂ ಡಚ್ಚಿನಲ್ಲಿ ಹೇಳಿಬಿಟ್ಟೆ. ಅಪ್ಪ ಅವತ್ತು ಅಂದದ್ದೇನು, ನಾನು ಕೂಡಿಸಿದ್ದೇನು, ಆಮೇಲೆ ಅಪ್ಪನಿಗೆ ಹೇಳಿದ ಸುಳ್ಳೇನು.

"ನನಗ ಗೊತ್ತಿತ್ತು" ಎಂದಳು ಅಕ್ಕ. "ಅವತ್ತ ನಿಮ್ಮಪ್ಪ ನಗಲಿಲ್ಲ. ನಕ್ಕಾಕಿ ನೀ. ನೀ ಬಂದು ಹೇಳ್ತಿ ಅಂತ ಕಾಯ್ತಿದ್ದೆ. ಈಗ ಇದನ್ನೆಲ್ಲಾ ನಿಮ್ಮಪ್ಪಗೂ ಹೇಳು. ನಾ ಇಲ್ಲೇ ನಿಂದರ್ತೀನಿ."

ಹೇಳಿದೆ. ಅಪ್ಪ ಬಯ್ಯಲಿಲ್ಲ. "ಇಬ್ಬರು ಸೈನಿಕರ ನಡುವ ಕುಂತು ಹಿಂಗ ಮಾಡಬಾರದಿತ್ತವಾ" ಎಂದರು, ಅಷ್ಟೇ. ಅದಕ್ಕಿಂತ ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು.

ಅಕ್ಕ ನಮ್ಮನ್ನು ಒಳಗೆ ಕರೆದಳು. ಅಪ್ಪನನ್ನು ತನ್ನ ಎಡಕ್ಕೆ ಕೂರಿಸಿಕೊಂಡು, "ಈಗ ನಾ ಒಂದು ಮಾತು ಹೇಳ್ತೀನಿ. ಏನೂ ಕೂಡಸಬ್ಯಾಡ, ಏನೂ ಕಳೀಬ್ಯಾಡ" ಎಂದಳು. ಅಫ್ಘಾನಿಸ್ತಾನದಲ್ಲಿ ಅವಳಿಗೆ ಜೋಡಿ ಡ್ರೈವರ್ ಒಬ್ಬನಿದ್ದನಂತೆ, ಎರಡು ಮಕ್ಕಳ ತಂದೆ. ಲಾರಿಯಲ್ಲಿ ಇವಳು ಸ್ಟಿಯರಿಂಗು ಹಿಡಿದರೆ ಅವನು ಬಲಕ್ಕೆ ಕೂರುತ್ತಿದ್ದ. ದಾರಿಯುದ್ದಕ್ಕೂ ಹಾಡುತ್ತಿದ್ದ, ಒಂದು ಸ್ವರವೂ ಜಾಗದಲ್ಲಿ ಇರುತ್ತಿರಲಿಲ್ಲ. ಆ ದಿನ ಮಗಳ ಹುಟ್ಟುಹಬ್ಬ. ಫೋನಿನಲ್ಲಿ ಹಾಡಬೇಕೆಂದು ಬೆಳಗಿನಿಂದ ಅದೇ ಹಾಡಿನ ತಾಲೀಮು. ತಲೆ ಚಿಟ್ಟು ಹಿಡಿದು ಇವಳು, "ಬಾಯಿ ಮುಚ್ಚು, ರಸ್ತಾ ನೋಡು" ಎಂದು ಗದರಿದಳು. ಅವನು ಬಾಯಿ ಮುಚ್ಚಿದ. ಅದಾಗಿ ಸ್ವಲ್ಪ ಹೊತ್ತಿಗೇ ಬಲಗಡೆಯ ಗಾಲಿಯ ಕೆಳಗೆ ನೆಲಬಾಂಬು ಸಿಡಿಯಿತು. ಅವನು ಹೋದ. ಇವಳ ಬಲಗಿವಿ ಹೋಯಿತು.

"ಮುಂದ ಇದ್ದೆವೋ ಹಿಂದ ಇದ್ದೆವೋ ಅಂತ ಟಿವಿಯೊಳಗ ದಿನಾ ಬಡದಾಡ್ತಾರ. ಇದ್ದೆವು. ನನಗ ಅಷ್ಟ ಸಾಕು" ಎಂದಳು. "ಆದ್ರ ಅವನ ಹೇಣ್ತಿಗೆ ನಾ ಪೂರಾ ಹೇಳಿಲ್ಲ. ಅವನಿಗೆ ನಾ ಅಂದ ಕಡೀ ಮಾತು ಅದು ಅಂತ ಹೆಂಗ ಹೇಳಲಿ?"

ಒಂದಕ್ಷರ ಬಿಡದೆ ಅಪ್ಪನಿಗೆ ದಾಟಿಸಿದೆ. ಅಪ್ಪ ಅವಳ ಕೈಯ ಮೇಲೆ ಕೈಯಿಟ್ಟು, "ಹೇಳಬೇಕು" ಎಂದರು. ಅದನ್ನೂ ದಾಟಿಸಿದೆ. ಅವಳು ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಹೇಳಲು ಅವಳಿಂದ ಆಗಲೇ ಇಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅವಳು ಉಳಿದದ್ದು ನಾಲ್ಕೇ ತಿಂಗಳು. ಆ ನಾಲ್ಕು ತಿಂಗಳೂ ಬಾಗಿಲಿಗೆ ಬಂದವರಿಗೆಲ್ಲ ಒಂದೊಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದಳು. ಅವಳು ಹೋದ ಮೇಲೆ ಅವಳ ತಮ್ಮ ಬಂದು, ಅವಳು ಬರೆದಿಟ್ಟಿದ್ದ ಒಂದು ಚೀಟಿ ನನ್ನ ಕೈಗಿಟ್ಟ. ಅಂತ್ಯಕ್ರಿಯೆಯಲ್ಲಿ ಪಕ್ಕದ ಮನೆಯವಳು ಮಾತಾಡಲಿ, ಲಾರಿಯ ಕತೆ ಹೇಳಲಿ ಎಂದಷ್ಟೇ ಅದರಲ್ಲಿ ಬರೆದಿತ್ತು.

ಅಂತ್ಯಕ್ರಿಯೆಯ ದಿನ ಸಭಾಂಗಣದ ಹೊರಗೆ ಅವಳ ಜೊತೆಯ ಡ್ರೈವರುಗಳು ಒಂದು ಖಾಲಿ ಬಸ್ಸನ್ನು ತಂದು ನಿಲ್ಲಿಸಿದ್ದರು. ಒಳಗೆ ಮಾತಾಡಲು ಎದ್ದು ನಿಂತೆ. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಹೆಂಗಸು ಆ ಜೋಡಿ ಡ್ರೈವರನ ಹೆಂಡತಿ ಎಂದು ತಮ್ಮ ಮೊದಲೇ ತೋರಿಸಿದ್ದ. ಆ ಗದರಿಕೆಯ ಮಾತನ್ನು ಬಿಟ್ಟುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಸಾವಿನ ಮನೆ, ಯಾರಿಗೂ ನೋವಾಗಬಾರದು. ಬಿಡಲಿಲ್ಲ. ಅಕ್ಕ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ಮಗಳ ಹುಟ್ಟುಹಬ್ಬದ ಹಾಡು, ಜಾಗದಲ್ಲಿಲ್ಲದ ಸ್ವರ, "ಬಾಯಿ ಮುಚ್ಚು, ರಸ್ತಾ ನೋಡು".

ಆಮೇಲೆ ಇಲ್ಲಿಯ ಪದ್ಧತಿಯಂತೆ ಎಲ್ಲರಿಗೂ ಕಾಫಿ, ಒಂದೊಂದು ತುಂಡು ಕೇಕು. ಆ ಹೆಂಗಸು ನೇರವಾಗಿ ನನ್ನ ಬಳಿಗೇ ಬಂದಳು. ಕಣ್ಣು ಕೆಂಪಾಗಿದ್ದವು.

"ಹಾಡಲಿಕ್ಕ ಹತ್ತಿದ್ದನಾ? ಖರೇನ? ಆಕಿ ಹಂಗ ಹೇಳಿದಳಾ?"

"ಹಂಗ ಹೇಳಿದಳು. ನಂದು ಒಂದಕ್ಷರಾನೂ ಇಲ್ಲ" ಎಂದೆ.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಅಳುತ್ತಾಳೆಂದುಕೊಂಡೆ, ನಗುತ್ತಿದ್ದಳು. "ಬಾಯಿ ಮುಚ್ಚು ಅಂತ ಮನಿಯೊಳಗ ನಾವೆಲ್ಲಾ ದಿನಾ ಅವನಿಗೆ ಅಂತಿದ್ದಿವಿ! ಮಕ್ಕಳೂ ಅಂತಿದ್ದವು. ಅವ ಎಂದೂ ಮುಚ್ಚಿದವನಲ್ಲ. ಇಷ್ಟಕ್ಕ ಆಕಿ ಇಷ್ಟು ವರ್ಷ ನನ್ನ ಮುಖಾ ನೋಡಲಿಲ್ಲೇನು?"

ನಾನು ತಿರುಗಿ ನೋಡಿದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅಕ್ಕ ಮಲಗಿದ್ದಳು. ಆ ನಗು ಅವಳ ಎಡಗಿವಿಗೆ ಒಂದು ಸಲ ಬಿದ್ದಿದ್ದರೆ ಸಾಕಿತ್ತು.