ಮಿಣುಕದ ಸೀರಿಯಲ್ ಸೆಟ್

ಭದ್ರಾವತಿಯ ಅಕ್ಕನ ಮನೆ ಗೃಹಪ್ರವೇಶದ ವಿಡಿಯೋ ಎಡಿಟ್ ಮಾಡ್ತಿದ್ದೆ. ಅಡುಗೆಮನೆಯ ಟ್ಯೂಬ್‌ಲೈಟ್ ಪಟಪಟ ಮಿಣುಕ್ತಿತ್ತು. ಮಿಣುಕು ತೆಗೆಯುವ ಫಿಲ್ಟರನ್ನು ಆ ದೃಶ್ಯಕ್ಕಷ್ಟೇ ಹಾಕೋದು ಬಿಟ್ಟು, ಸೋಮಾರಿತನಕ್ಕೆ ಇಡೀ ವಿಡಿಯೋಗೆ ಬಳಿದೆ.

ದೀಪಾಲಂಕಾರ ಮಾಡಿದ್ದ ಆಲ್ಕೊಳದ ಶೇಖರಪ್ಪ, ನಾನು ಕಳಿಸಿದ ವಿಡಿಯೋ ನೋಡಿ ಹೌಹಾರಿದ. "ಅಯ್ಯೋ ಮಾರಾಯ, ನನ್ನ ಸೀರಿಯಲ್ ಸೆಟ್ ಮಿಣುಕ್ತಾನೇ ಇಲ್ಲ! ಇದನ್ನ ತೋರಿಸಿ ಮದುವೆ ಆರ್ಡರ್ ಹಿಡೀಬೇಕಿತ್ತು!"

"ನಿನ್ನ ವೈರಿಂಗೇ ಸರಿಯಿಲ್ಲ ಬಿಡು" ಅಂದೆ, ತಮಾಷೆಗೆ.

ಮರುದಿನ ಅವನ ಮನೆಗೆ ಹೋದೆ. ಸಾವಿರ ಬಲ್ಬು (ಇನ್ನೂರಿದ್ದರೂ ಇರಬಹುದು) ನೆಲದಲ್ಲಿ ಹರವಿಕೊಂಡು ಬೆಸುಗೆ ಹಾಕ್ತಾ ಕೂತಿದ್ದ. ಗಾಬರಿಯಲ್ಲಿ ಅಲ್ಲೇ ನನ್ನ ಮೊಬೈಲಲ್ಲಿ ಫಿಲ್ಟರ್ ತೆಗೆದು, ವಿಡಿಯೋ ಅವನಿಗೆ ಮತ್ತೆ ಕಳಿಸಿದೆ. ವಿಡಿಯೋದಲ್ಲಿ ದೀಪಗಳು ಮಿಣುಕಿದವು.

"ನೋಡ್ದ್ಯಾ! ಬೆಸುಗೆ ಹಾಕಿದ್ದೇ ತಡ, ಮೊಬೈಲಲ್ಲೂ ಸರಿಹೋಯ್ತು!"

ಎಂಥ ಸುಳ್ಳನ್ನೂ ಸಲೀಸಾಗಿ ಬಿಡೋ ನನಗೆ, ಅವತ್ತು ನಿಜ ಹೇಳೋಕೆ ಬಾಯೇ ಬರಲಿಲ್ಲ.